ಲೆಕ್ಕ ಮಾಡದವರೇ ಗೆಲ್ಲುವ ಲೆಕ್ಕ

ಲೆಕ್ಕ ಮಾಡಬೇಡ ಅಂತ ಗದರುವ ಗಣಿತದ ಮೇಷ್ಟ್ರನ್ನು ಎಲ್ಲಾದರೂ ಕಂಡಿದ್ದೀರಾ? ನಮ್ಮ ಕಾಂಪೌಂಡಿನ ಆಚೆ ಒಬ್ಬರಿದ್ದಾರೆ. ಸರ್ವಿಸಿನಲ್ಲಿ ಇದ್ದಷ್ಟು ಕಾಲವೂ 'ಸ್ಟೆಪ್ ಬಿಡಬೇಡ್ರೋ, ಒಂದೊಂದು ಸ್ಟೆಪ್ಪಿಗೂ ಮಾರ್ಕ್ಸ್ ಇದೆ' ಎಂದು ಹೈಸ್ಕೂಲು ಹುಡುಗರ ಬೆನ್ನಿಗೆ ಬಿದ್ದವರು. ಈಗ ಮೊಮ್ಮಗಳು ಜಿಮ್ಯಾಟ್ ಪರೀಕ್ಷೆಗೆ ಕಟ್ಟಿದ್ದಾಳೆ. ನಾನು ದಾಸವಾಳ ಬಿಡಿಸುವ ಹೊತ್ತಿಗೆ ಸರಿಯಾಗಿ ಅವರ ಜಗಲಿಯಿಂದ ಕೂಗು ಶುರುವಾಗುತ್ತದೆ: 'ಬರೀಬೇಡ್ವೇ! ಪೆನ್ನು ಕೆಳಗಿಡು! ಮೊದಲು ಸುಮ್ನೆ ನೋಡು!'

ಮನುಷ್ಯ ಹೀಗೆ ಉಲ್ಟಾ ಹೊಡೆದದ್ದು ಯಾಕೆ ಅಂತ ವಿಚಾರಿಸೋಣವೆಂದು ಕಾಂಪೌಂಡಿಗೆ ಒರಗಿದೆ. ಅವರಿಗೂ ಅದೇ ಬೇಕಿತ್ತು. ಪುಸ್ತಕ ತಂದು ಗೋಡೆಯ ಮೇಲೆ ಹರಡಿದರು. 3²⁰ + 3²¹ + 3²². ಇದರ ಅತಿ ದೊಡ್ಡ ಅವಿಭಾಜ್ಯ ಅಪವರ್ತನ ಯಾವುದು? ಕೆಳಗೆ ಐದು ಉತ್ತರ: 3, 7, 11, 13, 61.

'ನೀವಾದ್ರೆ ಏನು ಮಾಡ್ತಿದ್ರಿ ಹೇಳಿ?'

'ನಾನಾದ್ರೆ ಪುಟ ತಿರುಗಿಸ್ತಿದ್ದೆ.'

'ಅದು ಬುದ್ಧಿವಂತಿಕೆ. ಆದರೆ ನಮ್ಮ ಕ್ಲಾಸಿನ ಫಸ್ಟ್ ರ್‍ಯಾಂಕ್ ಹುಡುಗ ಏನು ಮಾಡ್ತಾನೆ ಗೊತ್ತೇ? ಮೂರ್ಮೂರ್ಲಿ ಒಂಬತ್ತು, ಒಂಬತ್ಮೂರ್ಲಿ ಇಪ್ಪತ್ತೇಳು ಅಂತ ಹೊರಡ್ತಾನೆ. 3²⁰ ಅಂದ್ರೆ 348,67,84,401. ಮುನ್ನೂರ ನಲವತ್ತೆಂಟು ಕೋಟಿ ಚಿಲ್ಲರೆ. ಅಲ್ಲಿಗೆ ತಲುಪೋ ಹೊತ್ತಿಗೆ ಪರೀಕ್ಷೆ ಮುಗಿದು ಹಾಲಿನ ದೀಪ ಆರಿಸಿರ್ತಾರೆ.'

ಇನ್ನೊಂದು ಜಾತಿಯ ಹುಡುಗರಿದ್ದಾರಂತೆ. ನಡುವೆ ಕೂಡುವ ಚಿಹ್ನೆ ಕಂಡದ್ದೇ ತಲೆಯ ಮೇಲೆ ಕೂತ ಅಂಕಿಗಳನ್ನೂ ಕೂಡಿಬಿಡುವವರು. 20, 21, 22 ಸೇರಿ 63, ಅಲ್ಲಿಗೆ ಇದು 3⁶³, ಅದರಲ್ಲಿ 3 ಬಿಟ್ಟರೆ ಬೇರೆ ಅವಿಭಾಜ್ಯ ಎಲ್ಲಿಂದ ಬರಬೇಕು, ಉತ್ತರ 3. ಆ ಉತ್ತರ ಅಲ್ಲೇ ಮೊದಲನೆಯದಾಗಿ ಕಾಯುತ್ತಾ ಕೂತಿದೆ ನೋಡಿ! ಪ್ರಶ್ನೆ ತಯಾರಿಸಿದವನು ಹುಡುಗರು ಎಲ್ಲೆಲ್ಲಿ ಎಡವುತ್ತಾರೆ ಎಂದು ಮೊದಲೇ ಅಂದಾಜು ಮಾಡಿ, ಬೀಳುವ ಜಾಗಕ್ಕೆಲ್ಲ ಒಂದೊಂದು ಉತ್ತರ ಇಟ್ಟಿರುತ್ತಾನೆ. ಹಾಗಾಗಿ 'ನನ್ನ ಉತ್ತರ ಆಪ್ಷನ್ನಿನಲ್ಲಿ ಇದೆ' ಎನ್ನುವುದು ಈ ಪರೀಕ್ಷೆಯಲ್ಲಿ ಯಾವ ಸಮಾಧಾನವೂ ಅಲ್ಲ.

ಮೇಷ್ಟ್ರು ಪೆನ್ನನ್ನೇ ಮುಟ್ಟಲಿಲ್ಲ. 'ಮೂರರಲ್ಲೂ 3²⁰ ಇದೆಯಲ್ಲ, ಅದನ್ನ ಆಚೆ ತೆಗೀರಿ. ಒಳಗೆ ಉಳಿಯೋದು ಒಂದು, ಮೂರು, ಒಂಬತ್ತು. ಕೂಡಿದ್ರೆ 13. ಮುಗೀತು.' ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಇಷ್ಟೇನಾ? ಮುನ್ನೂರು ಚಿಲ್ಲರೆ ಕೋಟಿಯನ್ನು ತೋರಿಸಿ ಹೆದರಿಸಿದ್ದು ಒಂದಕ್ಕೆ ಮೂರು, ಒಂಬತ್ತು ಕೂಡಿಸಲಿಕ್ಕಾ?

ಅಷ್ಟೇ. ಈ ವ್ಯವಹಾರದ ಗುಟ್ಟೆಲ್ಲ ಅದರಲ್ಲೇ ಇದೆ ಎಂದು ನನಗೀಗ ಖಾತ್ರಿಯಾಗಿದೆ. ಜಿಮ್ಯಾಟ್ ಎಂದರೆ ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆ ಸೇರುವವರಿಗೆ ಅಮೆರಿಕದಲ್ಲಿ 1950ರ ದಶಕದಲ್ಲಿ ಹುಟ್ಟಿದ ಪರೀಕ್ಷೆ. 2023ರ ಕೊನೆಯಲ್ಲಿ ಅದಕ್ಕೆ ಹೊಸ ಅವತಾರ ಬಂತು. ಗಣಿತದ ಭಾಗದಲ್ಲಿ 21 ಪ್ರಶ್ನೆ, 45 ನಿಮಿಷ. ಅಂದರೆ ಒಂದಕ್ಕೆ ಎರಡು ನಿಮಿಷದ ಮೇಲೆ ಎಂಟೊಂಬತ್ತು ಸೆಕೆಂಡು. ಆ ಭಾಗದಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಸೆಂಟರಿನಲ್ಲಿ ಕೂತು ಬರೆದರೆ ಕಾಗದವೂ ಇಲ್ಲ; ಅಳಿಸಿ ಬರೆಯುವ ಲ್ಯಾಮಿನೇಟೆಡ್ ಹಾಳೆ, ಒಂದು ಮಾರ್ಕರ್ ಪೆನ್ನು ಕೊಡುತ್ತಾರೆ. ಆ ಮಾರ್ಕರಿನಲ್ಲಿ ಹತ್ತಂಕಿಯ ಗುಣಾಕಾರ ಬರೆಯಲು ಹೊರಟರೆ ಅರ್ಧ ಹಾಳೆ ಅದಕ್ಕೇ ಬೇಕು. ಇದನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಸಂಗತಿ ಬಯಲಾಗುತ್ತದೆ. ಎರಡು ನಿಮಿಷದಲ್ಲಿ ನರಮನುಷ್ಯರಿಂದ ಆಗದ ಲೆಕ್ಕವನ್ನು ಒಬ್ಬ ಕೊಟ್ಟಿದ್ದಾನೆ ಎಂದರೆ, ಆ ಲೆಕ್ಕ ಮಾಡಬೇಕಾಗಿಲ್ಲ ಎಂದು ಅವನೇ ಸಹಿ ಹಾಕಿ ಕೊಟ್ಟ ಹಾಗೆ. ಸಂಖ್ಯೆ ದೊಡ್ಡದಾದಷ್ಟೂ ಕೆಲಸ ಕಡಿಮೆ. 37ನ್ನು 48ರಿಂದ ಗುಣಿಸು ಎಂದರೆ ಹೆದರಬೇಕು, ಗುಣಿಸಲೇಬೇಕಾಗುತ್ತದೆ. 7²⁰²⁵ ಎಂದರೆ ಕಾಲು ಚಾಚಿ ಕೂರಬಹುದು.

7²⁰²⁵ ಪೂರ್ತಿ ಬರೆದರೆ 1712 ಅಂಕಿಗಳಾಗುತ್ತವೆ. ಐಐಎಮ್ಮುಗಳು ನಡೆಸುವ ಕ್ಯಾಟ್‌ನಲ್ಲಿ ಪರದೆಯ ಮೇಲೊಂದು ಕ್ಯಾಲ್ಕುಲೇಟರ್ ಕೊಡುತ್ತಾರಾದರೂ ಇಂಥದ್ದಕ್ಕೆ ಅದು ಇದ್ದೂ ಇಲ್ಲದ ಹಾಗೆ. ಕೇಳುವುದು ಮಾತ್ರ ಬಿಡಿ ಸ್ಥಾನದ ಅಂಕಿ. 7, 49, 343, 2401. ಕೊನೆಯ ಅಂಕಿ 7, 9, 3, 1, ಆಮೇಲೆ ಮತ್ತೆ 7. ನಾಲ್ಕು ಹೆಜ್ಜೆಗೆ ಒಂದು ಸುತ್ತು. 2025ನ್ನು 4ರಿಂದ ಭಾಗಿಸಿದರೆ ಶೇಷ 1, ಉತ್ತರ 7. 1711 ಅಂಕಿಗಳು ಏನಾದವು ಎಂದು ಕೇಳುವವರು ಯಾರೂ ಇಲ್ಲ.

ಇದನ್ನು ಕೇಳುತ್ತಿದ್ದ ಹಾಗೆ ನನಗೆ ಶಕುಂತಲಾ ದೇವಿಯವರ ನೆನಪಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ಹೆಂಗಸು, 1977ರಲ್ಲಿ ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥೊಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಯ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡಿನಲ್ಲಿ ಬಾಯಲ್ಲೇ ಹೇಳಿದರು. ಉತ್ತರ 546372891. 'ಅವರು ಈ ಪರೀಕ್ಷೆ ಬರೆದಿದ್ರೆ?' ಎಂದೆ.

ಮೇಷ್ಟ್ರು ನಕ್ಕರು. 'ಅವರು ಬರೀಬಹುದಾಗಿತ್ತು ಬಿಡಿ, ಎರಡೂ ದಾರಿ ಗೊತ್ತಿತ್ತು. ಮಿಕ್ಕವರಿಗೆ ಆ ದಾರಿ ಇಲ್ಲ. ಆದರೆ ಆ ಉತ್ತರ ಒಂದ್ಸಲ ಸರಿಯಾಗಿ ನೋಡಿ ಇವರೇ.' ನೋಡಿದೆ. 5, 4, 6, 3, 7, 2, 8, 9, 1. ಒಂದರಿಂದ ಒಂಬತ್ತರವರೆಗೆ ಎಲ್ಲ ಅಂಕಿಯೂ ಒಂದೊಂದೇ ಸಲ ಬಂದಿದೆ! ಕೂಡಿದರೆ 45. ಆದ್ದರಿಂದ ಅದು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಮೂಲವೇ 9ರಿಂದ ಭಾಗವಾದ ಮೇಲೆ ಆ 201 ಅಂಕಿಯ ಮಹಾಸಂಖ್ಯೆ 9²³ರಿಂದಲೂ ಭಾಗವಾಗಲೇಬೇಕು. ಕೊನೆಯ ಅಂಕಿ 1 ಆಗಿರುವುದರಿಂದ, ಎಷ್ಟು ಸಲ ಗುಣಿಸಿದರೂ ಕೊನೆಗೆ 1 ಬಿಟ್ಟು ಬೇರೇನೂ ಬರಲಾರದು. ಆ 201 ಅಂಕಿಗಳನ್ನು ನಾನು ಕಣ್ಣಿನಿಂದ ನೋಡಿಲ್ಲ. ಕಾಂಪೌಂಡಿಗೆ ಒರಗಿಕೊಂಡೇ ಅದರ ಇಷ್ಟು ಸಮಾಚಾರ ಹೇಳುವ ಹಾಗಾಯಿತು. ಹೊಟ್ಟೆ ಉರಿ ಸ್ವಲ್ಪ ತಣ್ಣಗಾಯಿತು.

ಸೊನ್ನೆಗಳ ಕಥೆ ಇನ್ನೂ ಚೆನ್ನ. ಒಂದರಿಂದ ನೂರರವರೆಗಿನ ಎಲ್ಲ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿದರೆ ಕೊನೆಯಲ್ಲಿ ಎಷ್ಟು ಸೊನ್ನೆ ಬರುತ್ತವೆ ಎನ್ನುವುದು ಪ್ರಶ್ನೆ. ಗುಣಲಬ್ಧ 158 ಅಂಕಿಯದ್ದು, ಅದು ನಮಗೆ ಬೇಡ. ಒಂದು ಸೊನ್ನೆ ಹುಟ್ಟಬೇಕಾದರೆ ಒಂದು 2 ಮತ್ತು ಒಂದು 5 ಜೋಡಿಯಾಗಬೇಕು. ಸಮಸಂಖ್ಯೆಗಳಿಂದ ಬಂದ 2ಗಳು ನಮ್ಮ ಮಲೆನಾಡಿನ ಅಡಿಕೆ ತೋಟದ ಗಂಡುಗಳ ಹಾಗೆ ಸಾಲುಗಟ್ಟಿ ನಿಂತಿವೆ. ಹೆಣ್ಣಿನ ಕಡೆಯ 5ಗಳೇ ಅಪರೂಪ. ಎಷ್ಟು ಮದುವೆ ನಡೆಯುತ್ತದೆ ಎಂದು ತಿಳಿಯಲು ಗಂಡುಗಳ ಪಟ್ಟಿ ಮಾಡಿ ಪ್ರಯೋಜನವಿಲ್ಲ, ಹೆಣ್ಣು ಎಷ್ಟಿದೆ ಎಂದು ಎಣಿಸಿದರೆ ಸಾಕು. ಐದರ ಮಗ್ಗಿಯಲ್ಲಿ ನೂರರವರೆಗೆ 20. ಇವುಗಳಲ್ಲಿ 25, 50, 75, 100 ಇವೆಯಲ್ಲ, ಅವು ತಲಾ ಇನ್ನೊಂದು 5 ಬಚ್ಚಿಟ್ಟುಕೊಂಡಿವೆ. ಆ 4 ಸೇರಿ 24. ಹುಡುಗರು ಜಾರುವುದು ಇಲ್ಲೇ. 20 ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ, ಮತ್ತು ಆ 20 ಕೂಡ ಆಪ್ಷನ್ನಿನಲ್ಲಿ ಇದ್ದೇ ಇರುತ್ತದೆ.

ಮೊಮ್ಮಗಳು ಈ ಹೊತ್ತಿಗೆ ಕಾಫಿ ತಂದಿಟ್ಟು ತಾತನನ್ನು ಪಾರು ಮಾಡಿದಳು, ಅಥವಾ ನನ್ನನ್ನು. ಅವಳ ದೂರು ಬೇರೆಯದು. 'ಈ ಪವರ್ರು, ಶೂನ್ಯಾನೆಲ್ಲ ಮ್ಯಾನೇಜ್ ಮಾಡ್ತೀನಿ ಅಂಕಲ್. ಭಾಗವಾಗುತ್ತೆ ಅಂತ ಬರೋ ಪ್ರಶ್ನೆಗಳೇ ಪ್ರಾಣ ತಿನ್ನೋದು.' ಒಂದನ್ನು ತೋರಿಸಿದಳು. ಎನ್ ಎಂಬ ಧನ ಪೂರ್ಣಾಂಕವೊಂದಿದೆ. ಎನ್²ನ್ನು 96 ನಿಶ್ಶೇಷವಾಗಿ ಭಾಗಿಸುತ್ತದೆ. ಹಾಗಾದರೆ ಎನ್‌ನ್ನು ಖಂಡಿತವಾಗಿ ಭಾಗಿಸುವ ಅತಿ ದೊಡ್ಡ ಸಂಖ್ಯೆ ಯಾವುದು? 12, 24, 36, 48, 96.

ಇದು ನಿಜವಾಗಿಯೂ ಒಳ್ಳೆಯ ಪ್ರಶ್ನೆ, ಇದಕ್ಕೊಂದು ನಮಸ್ಕಾರ ಹಾಕಬಹುದು. 96 ಎಂದರೆ 2⁵ × 3. ಆದರೆ ವರ್ಗಸಂಖ್ಯೆಯ ಒಳಗೆ ಅವಿಭಾಜ್ಯಗಳು ಒಂಟಿಯಾಗಿ ಇರುವಂತಿಲ್ಲ, ಜೋಡಿ ಜೋಡಿಯಾಗಿಯೇ ಇರಬೇಕು. ಐದು 2 ಇದೆ ಎಂದ ಮೇಲೆ ಆರನೆಯದು ಎಲ್ಲೋ ಇರಲೇಬೇಕು. ಒಂದು 3 ಇದೆ ಎಂದರೆ ಇನ್ನೊಂದೂ ಇದೆ. ಕಣ್ಣಿಗೆ ಬಿದ್ದದ್ದು 96, ಒಳಗೆ ಅಡಗಿ ಕೂತದ್ದು ಕಡಿಮೆಯೆಂದರೂ 2⁶ × 3², ಅಂದರೆ 576. ಅದರ ವರ್ಗಮೂಲ 24. ಉತ್ತರ ಅದೇ. 'ಎನ್ 96 ಆಗಿರಬಾರದು ಅಂತ ಎಲ್ಲಿದೆ?' ಎಂದು ಅವಳು ಜಗಳಕ್ಕೆ ನಿಂತಳು. ಆಗಿರಬಹುದಮ್ಮ, 96 ಆಗಿರಬಹುದು, 48 ಆಗಿರಬಹುದು, 24,000 ಕೂಡ ಆಗಿರಬಹುದು. ಆದರೆ ಆಗಿಯೇ ಇರಬೇಕು ಎಂದು ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಹೇಳಬಹುದಾದದ್ದು 24ರ ಅಪವರ್ತ್ಯ ಎಂಬುದನ್ನು ಮಾತ್ರ. ಎನ್ 24 ಆಗಿಬಿಟ್ಟರೆ 48 ಎಂದವನ ಮಾತು ಬಿದ್ದುಹೋಗುತ್ತದೆ. ಗಣಿತದ ಪ್ರಶ್ನೆಯಲ್ಲ ಇದು, ವಕೀಲರ ಪ್ರಶ್ನೆ. ಕಾನೂನು ಓದಿದ ಅವಳ ಚಿಕ್ಕಪ್ಪ ಇದನ್ನು ಅವಳಿಗಿಂತ ಬೇಗ ಬಿಡಿಸಿದನಂತೆ, ಗುಣಾಕಾರದಲ್ಲಿ ಅವನು ಅಷ್ಟಕ್ಕಷ್ಟೇ ಆದರೂ.

ಕೋಚಿಂಗ್‌ನವರ ಶಾರ್ಟ್‌ಕಟ್ ಪುಸ್ತಕಗಳನ್ನು ಕಂಡರೆ ಮೇಷ್ಟ್ರಿಗೆ ಆಗುವುದಿಲ್ಲ. ನನಗೂ ಅಷ್ಟೇ ಎಂದು ಅವತ್ತು ಗೊತ್ತಾಯಿತು. 3ಕ್ಕೆ, 9ಕ್ಕೆ ಅಂಕಿ ಕೂಡುವುದು. 4ಕ್ಕೆ ಕೊನೆಯ ಎರಡು ಅಂಕಿ, 8ಕ್ಕೆ ಕೊನೆಯ ಮೂರು. 11ಕ್ಕೆ ಒಂದು ಬಿಟ್ಟು ಒಂದು ಕೂಡಿ ವ್ಯತ್ಯಾಸ ನೋಡುವುದು. ಇಷ್ಟು ಸರಿ. ಅದರಾಚೆ 7ಕ್ಕೊಂದು, 13ಕ್ಕೊಂದು, 17ಕ್ಕೊಂದು, 19ಕ್ಕೊಂದು ಸೂತ್ರ ಬಾಯಿಪಾಠ ಮಾಡಿಸುತ್ತಾರೆ. 7ರ ಸೂತ್ರ ಏನಪ್ಪಾ ಎಂದರೆ, ಕೊನೆಯ ಅಂಕಿಯನ್ನು ಎರಡರಿಂದ ಗುಣಿಸಿ ಉಳಿದದ್ದರಿಂದ ಕಳೆ. 2023 ಬಂತು ಅನ್ನಿ: 202ರಲ್ಲಿ 6 ಹೋದರೆ 196, ಮತ್ತೆ 19ರಲ್ಲಿ 12 ಹೋದರೆ 7, ಆಹಾ ಭಾಗವಾಗುತ್ತೆ! ಇದರ ಅರ್ಧ ಹೊತ್ತಿನಲ್ಲಿ ಸೀದಾ ಭಾಗಿಸಿದ್ದರೆ ಏಳೆರಡ್ಲ ಹದಿನಾಲ್ಕು, ಏಳೆಂಟ್ಲ ಐವತ್ತಾರು, ಏಳೊಂಬತ್ಲ ಅರವತ್ಮೂರು, 289 ಎಂದು ಭಾಗಲಬ್ಧವೂ ಕೈಗೆ ಬರುತ್ತಿತ್ತು. ಅದು 17ರ ವರ್ಗ ಎಂಬುದೂ ಕಾಣಿಸುತ್ತಿತ್ತು. ಮಗ್ಗಿ ಮರೆತವನಿಗೆ ಸೂತ್ರ ಬೇಕು; ಸೂತ್ರ ನೆನಪಿಡುವ ಕಷ್ಟ ಮಗ್ಗಿ ಕಲಿಯುವ ಕಷ್ಟಕ್ಕಿಂತ ಜಾಸ್ತಿ.

ಇಟ್ಟುಕೊಳ್ಳಬೇಕಾದದ್ದು ಸೂತ್ರವಲ್ಲ, ಕೆಲವು ಸಂಖ್ಯೆಗಳ ಸ್ನೇಹ ಎನ್ನುತ್ತಾರೆ ಅವರು. 1001ರದ್ದು, ಉದಾಹರಣೆಗೆ. ಅದು 7 × 11 × 13. ಮೂರಂಕಿಯ ಯಾವುದೇ ಸಂಖ್ಯೆ ಬರೆದು ಪಕ್ಕದಲ್ಲಿ ಅದನ್ನೇ ಮತ್ತೆ ಬರೆಯಿರಿ: 528528. ಅದು 7ರಿಂದಲೂ 11ರಿಂದಲೂ 13ರಿಂದಲೂ ಭಾಗವಾಗುತ್ತದೆ, ಯಾಕೆಂದರೆ ನೀವು ಮಾಡಿದ್ದು 528ನ್ನು 1001ರಿಂದ ಗುಣಿಸುವ ಕೆಲಸ.

ಇಲ್ಲಿಂದ ಅವರು ಎಲ್ಲಿಗೆ ಹಾರಿದರು ಎಂದರೆ ಸೀದಾ ಒಂಬತ್ತನೆಯ ಶತಮಾನಕ್ಕೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲಕ್ಕೆ. ಆ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ನೃಪತುಂಗನನ್ನು ಅದರ ಮೊದಲಲ್ಲೇ ಹೊಗಳಿದ್ದಾರೆ. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಅದರ ಗುಣಾಕಾರದ ಭಾಗದಲ್ಲಿ ಕೆಲವು ಲೆಕ್ಕಗಳಿವೆ. ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು, 11111111. ಇಂಥವನ್ನು ರಾಜನ ಕೊರಳಿಗೆ ತಕ್ಕ ಹಾರ ಎಂದು ಅವರು ಕರೆಯುತ್ತಾರೆ. ಎಲ್ಲಕ್ಕಿಂತ ಭರ್ಜರಿಯಾದದ್ದು ಇದು: 27994681ನ್ನು 441ರಿಂದ ಗುಣಿಸಿ. 12345654321! ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ ಮತ್ತೆ ಇಳಿದು ಬರುತ್ತದೆ.

'ಗುಣಿಸಿ ನೋಡ್ಲಾ?' ಎಂದೆ, ಮೊಬೈಲ್ ತೆಗೆಯುತ್ತಾ.

'ಮುಟ್ಟಬೇಡಿ!' ಎಂದರು. ಆಮೇಲೆ ಗೋಡೆಯ ಮೇಲೆ ಬೆರಳಿನಲ್ಲೇ ಬಿಡಿಸಿದರು. 441 ಎಂದರೆ 21². ಹಾರ ಇರುವುದು 111111². ಹಾಗಾದರೆ 111111ರಲ್ಲಿ 21 ಅಡಗಿರಬೇಕು. 111111 ಎಂದರೆ 111ನ್ನು ಎರಡು ಸಲ ಬರೆದದ್ದು, ಅಂದರೆ 111 × 1001. ಮೊದಲನೆಯದರಲ್ಲಿ 3 ಮತ್ತು 37, ಎರಡನೆಯದರಲ್ಲಿ 7, 11, 13. 3ನ್ನೂ 7ನ್ನೂ ಈಚೆ ತೆಗೆದರೆ 21. ಉಳಿದ 11, 13, 37ರ ಗುಣಲಬ್ಧ 5291. ಅದರ ವರ್ಗವೇ ಆ 27994681. ಎರಡು ವರ್ಗಗಳ ಗುಣಲಬ್ಧ ಮತ್ತೊಂದು ವರ್ಗ. ಘಾತಾಂಕದ ನಿಯಮ, ಭಾಜ್ಯತೆಯ ನಿಯಮ ಎರಡೂ ಒಂದೇ ಹಾರದಲ್ಲಿ ಪೋಣಿಸಿಕೊಂಡಿವೆ. ಮಹಾವೀರಾಚಾರ್ಯರು ಇದೇ ಹಾದಿಯಲ್ಲಿ ಬಂದರೋ ಬೇರೆ ಯಾವುದರಲ್ಲೋ, ಬಂದು ತಲುಪಿದ ಜಾಗ ಮಾತ್ರ ಇಂಥದ್ದು. ಮಳಖೇಡದ ಅರಸನ ಆಸ್ಥಾನದಲ್ಲಿ ಎರಡು ನಿಮಿಷದ ಗಡಿಯಾರ ಇರಲಿಲ್ಲ ಎನ್ನುವುದು ಅವರ ಪುಣ್ಯ. ಇಂಥ ಲೆಕ್ಕವನ್ನು ಇಡೀ ಮಧ್ಯಾಹ್ನ ಇಟ್ಟುಕೊಂಡು ಆಡಬೇಕು. ಅದನ್ನೇ ಎರಡು ನಿಮಿಷಕ್ಕೆ ಕತ್ತರಿಸಿ ಹುಡುಗರ ಮುಂದೆ ಎಸೆದರೆ ಅವರು ಅದನ್ನು ಶತ್ರು ಎಂದೇ ತಿಳಿಯುತ್ತಾರೆ. ಪರೀಕ್ಷೆಯ ಮೇಲೆ ನನಗಿರುವ ನಿಜವಾದ ಸಿಟ್ಟು ಇದೊಂದೇ.

ಮೊಮ್ಮಗಳಿಗೆ ಹಾರದಲ್ಲಿ ಆಸಕ್ತಿ ಹುಟ್ಟಲಿಲ್ಲ. 'ಇದು ಬರಲ್ಲ ತಾತ' ಎಂದು ಒಂದೇ ಮಾತಿನಲ್ಲಿ ರಾಷ್ಟ್ರಕೂಟರನ್ನು ಮುಗಿಸಿದಳು. ಆದರೆ ಯೂಕ್ಲಿಡ್ ಅವಳ ಕೈ ಬಿಡಲಿಲ್ಲ. ಅವಳೇ ತೆಗೆದ ಪ್ರಶ್ನೆ: 1ರಿಂದ 50ರವರೆಗಿನ ಎಲ್ಲವನ್ನೂ ಗುಣಿಸಿ ಅದಕ್ಕೆ 1 ಕೂಡಿದರೆ, ಬರುವ ಸಂಖ್ಯೆಯ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ ಯಾವ ವ್ಯಾಪ್ತಿಯಲ್ಲಿದೆ? 2ರಿಂದ 10, 10ರಿಂದ 20, ಹೀಗೆ ಸಾಗಿ ಕೊನೆಯದು 50ಕ್ಕಿಂತ ಹೆಚ್ಚು. ಗುಣಲಬ್ಧವನ್ನು 2ರಿಂದ 50ರವರೆಗಿನ ಯಾರು ಬೇಕಾದರೂ ಭಾಗಿಸುತ್ತಾರೆ. ಅದಾದ ಮೇಲೆ ಒಂದು ಕೂಡಿದರೆ, ಅವರಲ್ಲಿ ಯಾರು ಭಾಗಿಸಲು ಬಂದರೂ ಶೇಷ 1 ಉಳಿದೇ ಉಳಿಯುತ್ತದೆ. ಅಲ್ಲಿಗೆ ಅಪವರ್ತನ ಏನೇ ಇರಲಿ, 50ರ ಆಚೆಯೇ ಇರಬೇಕು. ಅದು ಯಾವುದು ಎಂದು ಹುಡುಕುವ ಗೋಜೇ ಬೇಡ. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು ತೋರಿಸಲು ಕ್ರಿಸ್ತಪೂರ್ವ 300ರ ಸುಮಾರಿಗೆ ಯೂಕ್ಲಿಡ್ ಹೂಡಿದ ವಾದವೂ ಹೆಚ್ಚುಕಡಿಮೆ ಇದೇ. ಪಾಪ, ಅವನಿಗೆ ಇದರಿಂದ ಯಾರಿಗೋ ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಗುತ್ತದೆ ಎಂದು ಹೊಳೆದಿರಲಾರದು.

ಮಾತು ಅಂಕಗಳ ಕಡೆ ಹೊರಳಿತು. ಹಳೆಯ ಜಿಮ್ಯಾಟ್‌ನಲ್ಲಿ ಒಟ್ಟು ಅಂಕ 200ರಿಂದ 800ರವರೆಗೆ, ಹತ್ತು ಹತ್ತರ ಮೆಟ್ಟಿಲಿನಲ್ಲಿ. ಹೊಸದರಲ್ಲೂ ಮೆಟ್ಟಿಲು ಹತ್ತರದ್ದೇ, ಆದರೆ ಶುರುವಾಗುವುದು 205ರಿಂದ, ಮುಗಿಯುವುದು 805ಕ್ಕೆ. ಹಳೆಯ ಅಂಕ, ಹೊಸ ಅಂಕ ಬೆರೆತುಹೋಗಬಾರದು ಎಂದು ಬೇಕೆಂದೇ ಹೀಗೆ ಮಾಡಿದ್ದಾರೆ. ಹಾಗಾಗಿ ಈಗ ಯಾರು ಎಷ್ಟೇ ಚೆನ್ನಾಗಿ ಬರೆಯಲಿ, ಎಷ್ಟೇ ಕೆಟ್ಟದಾಗಿ ಬರೆಯಲಿ, ಅಂಕ 5ರಲ್ಲೇ ಮುಗಿಯಬೇಕು; 5ರಿಂದ ಭಾಗವಾಗುತ್ತದೆ, 10ರಿಂದ ಆಗುವುದಿಲ್ಲ.

'ಇದು ಉಪಯೋಗಕ್ಕೆ ಬಂತು ಕಣ್ರೀ,' ಎಂದರು ಮೇಷ್ಟ್ರು, ಮೊಮ್ಮಗಳು ಒಳಗೆ ಹೋದದ್ದನ್ನು ನೋಡಿಕೊಂಡು, ದನಿ ತಗ್ಗಿಸಿ. ಅವಳಿಗೊಂದು ಸಂಬಂಧ ಬಂದಿತ್ತಂತೆ. ಬ್ರೋಕರು ತಂದುಕೊಟ್ಟ ಬಯೋಡೇಟಾದಲ್ಲಿ ಹುಡುಗ ಸ್ಫುರದ್ರೂಪಿ, ಆರಡಿ ಎತ್ತರ, ಹೋದ ವರ್ಷವಷ್ಟೇ ಜಿಮ್ಯಾಟ್ ಬರೆದು 710 ತೆಗೆದಿದ್ದಾನೆ ಎಂದಿತ್ತು.

'ಜಾತಕ ನೋಡೋ ಪ್ರಮೇಯವೇ ಬರಲಿಲ್ಲ.'